ಹೊಳೆ ನೀರು ನೋಡೋಕೆ ತಂದ ಟೆಸ್ಟ್ ಕಿಟ್: ತಗೊಳ್ಳಿ, ಆದ್ರೆ ಒಬ್ಬರೇ ಬೇಡ

ತುಮಕೂರು ಜಿಲ್ಲೆಯ ಜಯಮಂಗಲಿ ಹೊಳೆ ದಡದ ನಾವು ಮೂರು ಊರಿನವರು ಚಂದಾ ಎತ್ತಿ ನೀರಿನ ಟೆಸ್ಟ್ ಕಿಟ್ ತರಿಸಿದ್ದೇವೆ. ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಪುಟ್ಟ ಬಾಟಲಿಗಳು, ಗೆರೆ ಹಾಕಿದ ಟ್ಯೂಬು, ಬಣ್ಣದ ಚಾರ್ಟು. ಜಲ ಜೀವನ್ ಮಿಷನ್‌ನಲ್ಲಿ ಊರಿಗೆ 5 ಜನ ಹೆಂಗಸರಿಗೆ ನೀರು ಪರೀಕ್ಷೆ ಮಾಡೋದು ಕಲಿಸ್ತಾರಲ್ಲ, ಅದೇ ತರದ್ದು. ಕಂಪನಿ ಹೆಸರು ಬೇಡ, ಇವೆಲ್ಲ ಹೆಚ್ಚುಕಮ್ಮಿ ಒಂದೇ.

ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಕಡೆ ಹರಿದು ಉತ್ತರ ಪಿನಾಕಿನಿ ಸೇರುವ ಹೊಳೆ ಇದು. ಒಳ್ಳೆ ಮಳೆ ಬಿದ್ದರೆ ನೀರು, ಇಲ್ಲದಿದ್ದರೆ ಬರೀ ಮರಳು. ದಡದ ಬಾವಿ, ಬೋರು, ಅಳಿದುಳಿದ ತಲಪರಿಗೆ (ನೆಲದಿಂದ ಉಕ್ಕುವ ಒರತೆ) ಎಲ್ಲಕ್ಕೂ ಇದೇ ಆಧಾರ. ಚೆಕ್ ಡ್ಯಾಂನಲ್ಲಿ ನಿಂತ ನೀರು ನಾತ ಹೊಡೆದಾಗ ಕೆಳಗಿನ ಊರಿನವರು ಮೇಲಿನವರನ್ನ ಬಯ್ಯೋದು, ಅವರು ಇನ್ನೂ ಮೇಲಿನವರನ್ನ ಬಯ್ಯೋದು, ಹೀಗೇ ನಡೆದಿತ್ತು.

ಕಿಟ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಬ್ಯಾಕ್ಟೀರಿಯಾ ಬಾಟಲಿ. ಗೆರೆವರೆಗೂ ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿರೋ ಕಡೆ ಇಟ್ಟರೆ ಸಾಕು. 24ರಿಂದ 48 ಗಂಟೆಯೊಳಗೆ ನೀರು ಕಪ್ಪಗಾದರೆ ಮಲದ ಸೋಂಕು ತಗುಲಿರಬಹುದು ಅಂತ ಲೆಕ್ಕ. ಓದು ಬಾರದವರಿಗೂ ಅರ್ಥವಾಗುತ್ತೆ. ನಮ್ಮ ನೀರುಗಂಟಿ ಮೂರೂ ಊರಿನ ಕಡೆಯಿಂದ ನೀರು ಹಿಡಿದು, ಬಾಟಲಿಗೆ ಊರ ಹೆಸರಿನ ಚೀಟಿ ಅಂಟಿಸಿ, ಹಾಲಿನ ಡೇರಿ ಕಿಟಕಿಯಲ್ಲಿ ಸಾಲಾಗಿ ಇಟ್ಟರು. ಬೆಳಿಗ್ಗೆ ಹಾಲು ಹಾಕೋಕೆ ಬಂದವರೆಲ್ಲ ನೋಡಿದ್ದೇ ನೋಡಿದ್ದು. ಮೂರೂ ಡಾಂಬರಿನ ಹಾಗೆ ಕಪ್ಪು! ತೀರಾ ಮೇಲಿನ ಊರಿನದೂ ಸೇರಿ. ಆಮೇಲೆ ಯಾರನ್ನ ಬಯ್ಯೋದು ಹೇಳಿ? ಅವತ್ತೇ ಡೇರಿ ಮುಂದೆ ಕೂತು, ಸೇತುವೆ ಕೆಳಗೆ ಕೋಳಿ ತ್ಯಾಜ್ಯ ಸುರಿಯೋದು ನಿಲ್ಲಬೇಕು, ಹಳ್ಳಕ್ಕೆ ಅಂಟಿಕೊಂಡ ತಿಪ್ಪೆ ಮೇಲಕ್ಕೆ ಸರಿಯಬೇಕು ಅಂತ ಮಾತಾಯ್ತು. ತಿಪ್ಪೆಗಳು ಸರಿದವು. ಕೋಳಿ ಪುಕ್ಕದ ಚೀಲ ಮಾತ್ರ ಈಗಲೂ ರಾತ್ರಿ ಹೊತ್ತು ಯಾರೋ ಎಸೆದು ಹೋಗ್ತಾರೆ.

ಒಂದು ಎಚ್ಚರಿಕೆ. ಕಪ್ಪಾದ ಬಾಟಲಿಯನ್ನ ಹಾಗೇ ಚೆಲ್ಲಬೇಡಿ, ಬ್ಲೀಚಿಂಗ್ ಪೌಡರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಚೆಲ್ಲಿ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ನೈಟ್ರೇಟ್ ಟೆಸ್ಟ್ ಪರವಾಗಿಲ್ಲ. ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿ. ಯೂರಿಯಾ, ತಿಪ್ಪೆ, ಚರಂಡಿ ಮೂರರಿಂದಲೂ ಬರುತ್ತೆ, ಯಾವುದರಿಂದ ಬಂತು ಅಂತ ಕಿಟ್ ಹೇಳಲ್ಲ. ಚಾರ್ಟಿನ ಎರಡು ಪಿಂಕ್ ಬಣ್ಣದ ನಡುವೆ ಯಾವುದು ಅಂತ ಇಬ್ಬರು ನೋಡಿದರೆ ಎರಡು ಉತ್ತರ. ನೆರಳಲ್ಲಿ, ಬಿಳಿ ಹಾಳೆ ಹಿಂದೆ ಹಿಡಿದು ನೋಡಿ. ಗಡಸುತನದ್ದು ಸುಲಭ, ಹನಿ ಎಣಿಸುತ್ತಾ ಹೋದರೆ ಕೆಂಪು ನೀರು ನೀಲಿಗೆ ತಿರುಗುತ್ತೆ. ಪಾವಗಡ ಕಡೆಯವರಿಗೆ ಫ್ಲೋರೈಡ್ ಟೆಸ್ಟೇ ಮುಖ್ಯ: 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ.

ಬೇಜಾರಾಗಿದ್ದು ಎರಡು. ಸೂಚನೆ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿದೆ, ಸ್ತ್ರೀಶಕ್ತಿ ಸಂಘದ ಹುಡುಗಿಯೊಬ್ಬಳು ಕನ್ನಡದಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದ್ದಾಳೆ. ಇನ್ನೊಂದು, ಇದು ಕುಡಿಯುವ ನೀರಿಗೆ ಮಾಡಿದ ಕಿಟ್, ಹೊಳೆಗೆ ಅಂತಲೇ ಮಾಡಿದ್ದಲ್ಲ. ಸ್ನಾನ ಮಾಡೋ ನದಿ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು, ಬಿಒಡಿ (ನೀರಿನ ಕೊಳೆ ಕರಗಿಸೋಕೆ ಸೂಕ್ಷ್ಮಜೀವಿಗಳಿಗೆ ಬೇಕಾಗೋ ಆಮ್ಲಜನಕದ ಲೆಕ್ಕ) 3 ಮಿಲಿಗ್ರಾಂ ಮೀರಬಾರದು. ಈ ಎರಡನ್ನೂ ನಮ್ಮ ಪೆಟ್ಟಿಗೆ ಅಳೆಯಲ್ಲ. ಔಷಧಿ ಹೊಡೆದ ತೋಟದಿಂದ ಏನು ಹರಿದು ಬಂತು ಅನ್ನೋದೂ ಗೊತ್ತಾಗಲ್ಲ. ಅದಕ್ಕೆ ಲ್ಯಾಬಿಗೇ ಕಳಿಸಬೇಕು. ಕಿಟ್ ತೋರಿಸಿದ್ದನ್ನೇ ಹಿಡಿದು ಯಾರ ಮೇಲೂ ದೂರು ಕೊಡೋಕೆ ಹೋಗಬೇಡಿ, ನಿಲ್ಲಲ್ಲ.

ನನ್ನ ಲೆಕ್ಕದಲ್ಲಿ 5ಕ್ಕೆ 3.5. ಒಂದೇ ಮನೆಗೆ ಅಂತ ತಂದರೆ ದಂಡ. ಅರ್ಧ ಖಾಲಿಯಾಗೋ ಮೊದಲೇ ಔಷಧಿಗಳ ದಿನಾಂಕ ಮುಗಿದಿರುತ್ತೆ. ಅಕ್ಕಪಕ್ಕದ ಊರಿನವರು ಸೇರಿ ತಗೊಳ್ಳಿ. ತಗೊಳ್ಳುವಾಗ ಎಕ್ಸ್‌ಪೈರಿ ನೋಡಿ, ಬ್ಯಾಕ್ಟೀರಿಯಾ ಬಾಟಲಿ ಬಿಡಿಯಾಗಿ ಸಿಗುತ್ತಾ ಅಂತಲೂ ಕೇಳಿ, ಮೊದಲು ಖಾಲಿಯಾಗೋದು ಅದೇ.