ಕಾವೇರಿ ದಂಡೆಗೆ ಯಾವ ಸೈಕಲ್? ಮೂರನ್ನೂ ತುಳಿದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೈಬ್ರಿಡ್‌ಗೆ, ಅಂದರೆ ರೇಸ್ ಸೈಕಲ್ಲಿಗೂ ಗುಡ್ಡದ ಸೈಕಲ್ಲಿಗೂ ನಡುವಿನ ಸೈಕಲ್‌ಗೆ. 14,000 ಕೊಟ್ಟು ತಂದ ಎಂಟಿಬಿಯನ್ನು (ಮೌಂಟನ್ ಬೈಕ್, ಗುಡ್ಡದ ಸೈಕಲ್) ಎಂಟೇ ತಿಂಗಳಲ್ಲಿ 6,500ಕ್ಕೆ ಮಾರಿದವನು ನಾನು. ಆ ಹೊಟ್ಟೆಯುರಿ ಕೆಳಗಿನ ಮಾತುಗಳಲ್ಲಿ ಕಂಡರೆ ಕ್ಷಮಿಸಿ.

ದಾರಿ ಮೂರು ಸಲವೂ ಒಂದೇ. ಬೆಳಗ್ಗೆ ಆರಕ್ಕೆ ಮೈಸೂರು ಬಿಟ್ಟು ಬೆಳಗೊಳದ ಮೇಲೆ ಕೆ.ಆರ್.ಎಸ್. ಅಲ್ಲಿಂದ ಬಲಮುರಿ, ರಂಗನತಿಟ್ಟು, ಶ್ರೀರಂಗಪಟ್ಟಣ. ಆಮೇಲೆ ಸಂಗಮ ನೋಡಿಕೊಂಡು ವಾಪಸ್. ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಎರಡಾಗಿ ಒಡೆದ ಹೊಳೆ ಅಲ್ಲಿ ಮತ್ತೆ ಒಂದಾಗುತ್ತದೆ. ಎಲ್ಲ ಸೇರಿ ಅರವತ್ತು ಕಿಲೋಮೀಟರ್ ಹತ್ತಿರ. ಗದ್ದೆ, ಕಬ್ಬು, ನಾಲೆ, ತೆಂಗು. ಅವಸರವಿಲ್ಲದೆ ತುಳಿದರೆ ಒಂದು ಭಾನುವಾರಕ್ಕೆ ಸರಿಯಾಗುತ್ತದೆ.

ಎಂಟಿಬಿ ಅಂಗಡಿಯಲ್ಲಿ ನೋಡೋಕೆ ಚೆನ್ನಾಗಿತ್ತು. ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್. ‘ಹಳ್ಳಿ ರಸ್ತೆಗೆ ಇದೇ ಬೇಕು ಸಾರ್’ ಅಂದರು, ನಂಬಿದೆ. ಆದರೆ ಈ ಅರವತ್ತರಲ್ಲಿ ಮಣ್ಣಿನ ದಾರಿ ಅಂತ ಇರುವುದು ನಾಲೆ ಏರಿ ಮೇಲಿನ ಮೂರು ಕಿಲೋಮೀಟರ್, ಅದೂ ನಾನಾಗಿ ಹುಡುಕಿಕೊಂಡು ಹೋದದ್ದು. ಆ ಮೂರರಲ್ಲಿ ಎಂಟಿಬಿ ರಾಜ. ಮಿಕ್ಕ ಡಾಂಬರಿನಲ್ಲಿ ಟೈರು ಗುಂಯ್ ಅನ್ನುತ್ತದೆ, ಶಾಕ್ ಮೇಲೆ ಕೆಳಗೆ ಕುಣಿದು ನಮ್ಮ ಶಕ್ತಿಯನ್ನೇ ತಿನ್ನುತ್ತದೆ. ಮೈಸೂರು ಹೊಳೆಗಿಂತ ಎಂಬತ್ತು ಮೀಟರಿನಷ್ಟು ಎತ್ತರದಲ್ಲಿದೆ. ಹೋಗುವಾಗ ಇಳಿಜಾರು, ಗೊತ್ತೇ ಆಗಲ್ಲ. ಬರುವಾಗ ಮಧ್ಯಾಹ್ನದ ಬಿಸಿಲು, ಖಾಲಿ ಹೊಟ್ಟೆ, ಏರು. ಆವತ್ತೇ ಮಾರುವುದು ಅಂತ ತೀರ್ಮಾನಿಸಿದೆ.

ಎರಡನೆಯದು ಅಪ್ಪನ ಕರಿ ಸೈಕಲ್. ಗೇರ್ ಇಲ್ಲ, ಭಾರ ಜಾಸ್ತಿ, ಬ್ರೇಕ್ ಹಿಡಿದರೆ ಯೋಚನೆ ಮಾಡಿ ನಿಲ್ಲುತ್ತದೆ. ಆದರೂ ಎರಡು ವಿಷಯದಲ್ಲಿ ಉಳಿದ ಎರಡನ್ನೂ ಸೋಲಿಸಿತು. ಹಿಂದಿನ ಚಕ್ರಕ್ಕೆ ಅದರದ್ದೇ ಬೀಗವಿದೆ. ರಂಗನತಿಟ್ಟಿನಲ್ಲಿ ಕೀಲಿ ತಿರುಗಿಸಿ ನಿಶ್ಚಿಂತೆಯಿಂದ ದೋಣಿ ಹತ್ತಿದೆ. (ಪಕ್ಷಿತಜ್ಞ ಸಲೀಂ ಅಲಿ ಅವರು ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾದ ಜಾಗ. ಮೊಸಳೆಗಳೂ ಇವೆ, ಕೈ ಒಳಗಿರಲಿ.) ಇನ್ನೊಂದು, ಚೈನಿಗೆ ಕವರ್ ಇದೆ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನೆಲ್ಲ ರಸ್ತೆ ಮೇಲೇ ಹರಡಿರುತ್ತಾರೆ ಅಲ್ವಾ? ಗೇರ್ ಸೈಕಲ್ ಅದರ ಮೇಲೆ ಹೋದರೆ ಹುರುಳಿ ಬಳ್ಳಿ ಹಿಂದಿನ ಗೇರಿಗೆ ಜಡೆ ಹೆಣೆದುಬಿಡುತ್ತದೆ. ಕೂತು ಒಂದೊಂದೇ ಎಳೆಯಬೇಕು. ಕರಿ ಸೈಕಲ್‌ಗೆ ಆ ತಂಟೆಯೇ ಇಲ್ಲ.

ಇನ್ನು ಹೈಬ್ರಿಡ್. ಮೊದಲ ಸಲ ಗೆಳೆಯನದ್ದು ಕೇಳಿ ತೆಗೆದುಕೊಂಡು ಹೋಗಿದ್ದೆ. ಬೆಳಗೊಳಕ್ಕೆ ಬರುವಷ್ಟರಲ್ಲೇ ಮನಸ್ಸು ಸೋತಿತ್ತು. ಹಗುರ, ತುಳಿದಷ್ಟೂ ಮುಂದೆ. ಆದರೆ ಪಾಲಹಳ್ಳಿ ದಾಟುವಾಗ ಜಾಲಿ ಮುಳ್ಳು ಚುಚ್ಚಿತು.

ಪಂಚರ್ ಆಗುವುದು ದೊಡ್ಡದಲ್ಲ. ರಸ್ತೆ ಬದಿಯಲ್ಲೇ ಅಂಗಡಿ ಸಿಕ್ಕಿತು. ಯಜಮಾನರು ಐದೇ ನಿಮಿಷದಲ್ಲಿ ಟ್ಯೂಬ್ ಎಳೆದು, ಮುಳ್ಳು ಚುಚ್ಚಿದ ಜಾಗ ನೋಡಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್ ಹಾಕಿದರು. ಗಾಳಿ ಹೊಡೆಯೋಕೆ ಹೋದಾಗ ನಿಂತರು. ‘ಇದೇನ್ ಸಾರ್, ಇದಕ್ಕೆ ಬಾಯೇ ಇಲ್ವಲ್ಲ?’

ನಿಜ, ಅವರಿಗೆ ಗೊತ್ತಿದ್ದ ಬಾಯಿ ಇರಲಿಲ್ಲ. ಕರಿ ಸೈಕಲ್‌ಗೆ ಒಂದು ತರದ ವಾಲ್ವ್ (ಗಾಳಿ ತುಂಬುವ ಬಾಯಿ), ಬೈಕಿಗೆ ಇನ್ನೊಂದು. ಅವೆರಡಕ್ಕೂ ಅವರ ಹತ್ತಿರ ಪಂಪು ಇತ್ತು. ಇದು ಪ್ರೆಸ್ಟಾ ಅನ್ನುವ ಮೂರನೇ ತರದ್ದು. ಪೆನ್ನಿನ ರೀಫಿಲ್ಲಿನಂತೆ ಸಣ್ಣ, ತುದಿಯಲ್ಲಿ ಪುಟ್ಟ ನಟ್ಟು. ಕಂಪ್ರೆಸರ್ ಪೈಪಿನ ಬಾಯಿ ಅದಕ್ಕೆ ತೀರಾ ದೊಡ್ಡದು. ಬಟ್ಟೆ ಸುತ್ತಿದರು, ಬೆರಳು ಅಡ್ಡ ಹಿಡಿದರು, ಸುಸ್ಸ್ ಅಂತ ಗಾಳಿಯೆಲ್ಲ ಹೊರಗೇ. ಮುಖ್ಯವಾಗಿ ಆ ನಟ್ಟನ್ನು ಸಡಿಲಿಸದೆ ಗಾಳಿ ಒಳಗೆ ಹೋಗುವುದೇ ಇಲ್ಲ ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮುಕ್ಕಾಲು ಗಂಟೆ ಒದ್ದಾಡಿ, ಕೊನೆಗೆ ಗೂಡ್ಸ್ ಆಟೋಗೆ 400 ಕೊಟ್ಟು ಮೈಸೂರಿಗೆ ಬಂದೆ. ಪಂಚರ್ ಹಾಕಿದ್ದಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಅದು ಇನ್ನೂ ಬೇಜಾರು. ಗೆಳೆಯ ಫೋನಿನಲ್ಲೇ ನಕ್ಕ.

ಇದಕ್ಕೆ ಮದ್ದು ಬೆರಳ ತುದಿಯಷ್ಟು ಹಿತ್ತಾಳೆ ಅಡಾಪ್ಟರ್. ನೂರು ರೂಪಾಯಿಯೊಳಗೇ ಸಿಗುತ್ತದೆ. ನಟ್ಟು ಸಡಿಲಿಸಿ ಇದನ್ನು ತಿರುಗಿಸಿ ಕೂರಿಸಿದರೆ ಬೈಕಿನ ಕಂಪ್ರೆಸರ್‌ನಿಂದಲೇ ಗಾಳಿ ಹಿಡಿಸಬಹುದು. ಎಷ್ಟು ಬೇಕು ಅಂತ ನೀವೇ ಹೇಳಬೇಕು. ಬೈಕಿನ ಲೆಕ್ಕದಲ್ಲಿ ಮೂವತ್ತಕ್ಕೇ ನಿಲ್ಲಿಸಿದರೆ ಟೈರು ಸೊರಗುತ್ತದೆ, ನನ್ನದಕ್ಕೆ 60 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಬೇಕು. ಈಗ ಅಡಾಪ್ಟರ್ ಮನೆ ಕೀಲಿ ಗೊಂಚಲಲ್ಲೇ ಇದೆ. ಇನ್ನೊಂದು ಪಾಲಹಳ್ಳಿಯ ಯಜಮಾನರ ಡಬ್ಬದಲ್ಲಿದೆ.

ಇಷ್ಟಾದರೂ ಹೈಬ್ರಿಡ್ಡೇ ಕೊಂಡೆ. ಸೆಕೆಂಡ್ ಹ್ಯಾಂಡ್, 13,000. ತಿಂಗಳಿಗೆ ಎರಡು ಭಾನುವಾರ ಹೋಗುವವನು ನಾನು, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬೇಕು. ಆ ಏರನ್ನು ಇಳಿದು ತಳ್ಳದೆ ಹತ್ತಿಸುವುದು ಇದೊಂದೇ. ನಿಮ್ಮ ತೋಟದ ದಾರಿ ಮಣ್ಣಿನದ್ದಾದರೆ ಎಂಟಿಬಿ ತೊಗೊಳ್ಳಿ, ನಾನು ಬೇಡ ಅನ್ನಲ್ಲ. ಮನೆಯಲ್ಲಿ ಕರಿ ಸೈಕಲ್ ಇದ್ದು, ಸಂಜೆವರೆಗೂ ಸಮಯವಿದ್ದರೆ ಏನನ್ನೂ ಕೊಳ್ಳಬೇಡಿ.

ಹೈಬ್ರಿಡ್‌ಗೆ ಮಡ್‌ಗಾರ್ಡ್ ಮಾತ್ರ ಬಂದಿಲ್ಲ. ಹೋದ ವಾರ ಬಲಮುರಿಯಲ್ಲಿ ಮಳೆ ಹಿಡಿದು ಬೆನ್ನ ಮೇಲೆಲ್ಲ ಕೆಸರಿನ ಪಟ್ಟೆ. ಅದು ಮುಂದಿನ ತಿಂಗಳ ಸಂಬಳಕ್ಕೆ.