ಬಫರ್ಡ್ ವಿಟಮಿನ್ ಸಿ: ಹುಳಿ ಹೋಯಿತು, ಜೊತೆಗೆ ಬಂದದ್ದೇನು?

ಸಾದಾ ವಿಟಮಿನ್ ಸಿ ಅಂದರೆ ಆಸ್ಕಾರ್ಬಿಕ್ ಆಮ್ಲ. ನೀರಿಗೆ ಹಾಕಿದರೆ ಅದರ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) 2ರಿಂದ 3ರ ಆಸುಪಾಸು ನಿಲ್ಲುತ್ತದೆ. ಹೆಚ್ಚುಕಡಿಮೆ ನಿಂಬೆರಸದಷ್ಟು ಹುಳಿ. ಇದೇ ಆಮ್ಲವನ್ನು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅಥವಾ ಪೊಟ್ಯಾಸಿಯಂ ಜೊತೆ ಕೂಡಿಸಿ ಲವಣ ಮಾಡಿದಾಗ ಪಿಎಚ್ 7ರ ಹತ್ತಿರ ಬರುತ್ತದೆ. ಹುಳಿ ಮಾಯವಾಗಿ ನಾಲಿಗೆಗೆ ತುಸು ಉಪ್ಪುಪ್ಪು ಅನ್ನಿಸುತ್ತದೆ. ಬಫರ್ಡ್ ಎಂಬ ಹೆಸರಿನಲ್ಲಿ ಮಾರುವುದು ಈ ಲವಣಗಳನ್ನೇ. ಬದಲಾದದ್ದು ಹುಳಿ ಮಾತ್ರ, ವಿಟಮಿನ್ ಅಲ್ಲ. ದೇಹ ಇದನ್ನು ಹೆಚ್ಚು ಹೀರಿಕೊಳ್ಳುವುದೂ ಇಲ್ಲ, ಕಡಿಮೆ ಹೀರಿಕೊಳ್ಳುವುದೂ ಇಲ್ಲ. ಡಬ್ಬಿಯ ಮೇಲೆ 'ಹೆಚ್ಚು ಪರಿಣಾಮಕಾರಿ' ಎಂದಿದ್ದರೆ ಆ ಮಾತನ್ನು ಬದಿಗಿಟ್ಟು ಹಿಂಬದಿಯ ಪಟ್ಟಿ ಓದಿ.

ಹಾಗಾದರೆ ಲಾಭ ಎಲ್ಲಿ? ಮೊದಲನೆಯದು ಹಲ್ಲು. ಆಸ್ಕಾರ್ಬಿಕ್ ಆಮ್ಲದ ಚೀಪುವ ಮಾತ್ರೆಯನ್ನು ದಿನವೂ ಬಾಯಲ್ಲಿ ಕರಗಿಸಿದರೆ ಎನಾಮೆಲ್ ಸವೆಯುತ್ತದೆ. ಸೋಡಿಯಂ ಆಸ್ಕಾರ್ಬೇಟ್‌ನಿಂದ ಮಾಡಿದ ಮಾತ್ರೆಯಲ್ಲಿ ಈ ಅಪಾಯ ಕಡಿಮೆ. ಆದರೆ ರುಚಿಗೆಂದು ಸಿಟ್ರಿಕ್ ಆಮ್ಲ ಬೆರೆಸಿದ್ದರೆ ಕಳೆದ ಹುಳಿ ಮತ್ತೆ ಬಂದಂತೆಯೇ. ಎರಡನೆಯದು ಅನ್ನನಾಳ. ಒಂದು ಗುಟುಕು ನೀರಿನಲ್ಲಿ ನುಂಗಿ ಹಾಗೇ ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಕರಗುತ್ತದೆ. ಅದು ಆಮ್ಲವಾಗಿದ್ದರೆ ಅಲ್ಲಿನ ಒಳಪದರ ಸುಟ್ಟಂತಾಗಿ ಹುಣ್ಣಾಗಬಹುದು, ಲವಣವಾಗಿದ್ದರೆ ಆ ಉರಿ ಅಷ್ಟಿರದು. ಏನೇ ಇರಲಿ, ಮಾತ್ರೆಯ ಹಿಂದೆ ಒಂದು ಲೋಟ ನೀರು, ಆಮೇಲೆ ಅರ್ಧ ಗಂಟೆ ನೆಟ್ಟಗೆ ಕೂರುವುದು, ಇವೆರಡನ್ನು ತಪ್ಪಿಸಬೇಡಿ.

ಹೊಟ್ಟೆಯ ವಿಚಾರ ಅಷ್ಟು ಸರಳವಲ್ಲ. ಜಠರರಸವೇ ವಿಟಮಿನ್ ಸಿಗಿಂತ ಪ್ರಬಲ ಆಮ್ಲ. ಲವಣ ಒಳಗೆ ಬಿದ್ದೊಡನೆ ಅಲ್ಲಿನ ಆಮ್ಲದೊಂದಿಗೆ ಸೇರಿ ಮತ್ತೆ ಬಹುಪಾಲು ಆಸ್ಕಾರ್ಬಿಕ್ ಆಮ್ಲವೇ ಆಗುತ್ತದೆ. ವ್ಯತ್ಯಾಸ ಇಷ್ಟೇ: ಹೊರಗಿನಿಂದ ಹೊಸ ಆಮ್ಲ ಸೇರುವ ಬದಲು ಇದ್ದ ಆಮ್ಲದಲ್ಲಿ ಸ್ವಲ್ಪ ಖರ್ಚಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಸಾದಾ ಮಾತ್ರೆ ತೆಗೆದುಕೊಂಡು ಉರಿ ಪಡುವವರಿಗೆ ಇದು ನೆಮ್ಮದಿ ಕೊಡಬಹುದು. ಉರಿಯೇ ಇಲ್ಲದವರು ಹೆಚ್ಚು ಹಣ ಕೊಟ್ಟು ಬಫರ್ಡ್ ಕೊಳ್ಳುವ ಅಗತ್ಯ ನಮಗೆ ಕಾಣುವುದಿಲ್ಲ. ಸಾದಾ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಂಡರೂ ಎಷ್ಟೋ ಜನರ ತೊಂದರೆ ಅಲ್ಲಿಗೇ ನಿಲ್ಲುತ್ತದೆ.

ಭೇದಿಯ ವಿಷಯದಲ್ಲಂತೂ ಬಫರ್ಡ್ ಎಂಬ ಪದಕ್ಕೆ ಬೆಲೆಯಿಲ್ಲ. ಭೇದಿಗೆ ಕಾರಣ ಹುಳಿಯಲ್ಲ, ಪ್ರಮಾಣ. ಕರುಳಿನ ಗೋಡೆಯಲ್ಲಿ ವಿಟಮಿನ್ ಸಿ ಸಾಗಿಸುವ ಪ್ರೋಟೀನುಗಳ ಸಾಮರ್ಥ್ಯಕ್ಕೆ ಒಂದು ಮಿತಿಯಿದೆ. ದಿನಕ್ಕೆ 30ರಿಂದ 180 ಮಿಲಿಗ್ರಾಂ ತೆಗೆದುಕೊಂಡಾಗ 70ರಿಂದ 90 ಶೇಕಡ ಒಳಸೇರುತ್ತದೆ. 1 ಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಕರುಳಿನಲ್ಲೇ ನಿಂತು ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಹೊಟ್ಟೆ ಗುಡುಗುಡು ಎಂದು ಭೇದಿಯಾಗುತ್ತದೆ. ಮೆಗ್ನೀಸಿಯಂ ಆಸ್ಕಾರ್ಬೇಟ್ ಆಗಿದ್ದರೆ ಇನ್ನೂ ಬೇಗ, ಏಕೆಂದರೆ ಮೆಗ್ನೀಸಿಯಂ ತಾನೇ ಮಲ ಸಡಿಲಿಸುವ ವಸ್ತು. ದಿನಕ್ಕೆ 400 ಮಿಲಿಗ್ರಾಂ ಹೊತ್ತಿಗೆ ಆರೋಗ್ಯವಂತರ ರಕ್ತದಲ್ಲಿ ಮಟ್ಟ ಬಹುತೇಕ ತುಂಬಿರುತ್ತದೆ, ಅದರ ಮೇಲಿನದು ಹೆಚ್ಚಾಗಿ ಮೂತ್ರದ ಪಾಲು. ಅಮೆರಿಕದ ಶಿಫಾರಸಿನಂತೆ ದಿನದ ಅಗತ್ಯ ಗಂಡಸರಿಗೆ 90, ಹೆಂಗಸರಿಗೆ 75 ಮಿಲಿಗ್ರಾಂ, ಧೂಮಪಾನಿಗಳಿಗೆ ಇನ್ನೂ 35 ಹೆಚ್ಚು. ವಯಸ್ಕರ ಮೇಲ್ಮಿತಿ 2,000. ಮೇಲ್ಮಿತಿಯನ್ನು ಗುರಿ ಎಂದು ಓದಬೇಡಿ. 250 ಅಥವಾ 500ರ ಮಾತ್ರೆ ಸಿಗುವಾಗ 1,000ದ್ದನ್ನು ಆರಿಸಲು ನಮಗೆ ಒಳ್ಳೆಯ ಕಾರಣ ಸಿಗಲಿಲ್ಲ.

ಇನ್ನು ಮುಖ್ಯ ಪ್ರಶ್ನೆ: ಬಫರ್ಡ್ ಕೊಳ್ಳುವಾಗ ವಿಟಮಿನ್ ಜೊತೆ ಒಂದು ಖನಿಜವನ್ನೂ ಕೊಳ್ಳುತ್ತೀರಿ. ಯಾವುದು, ಎಷ್ಟು? 1,000 ಮಿಲಿಗ್ರಾಂ ಸೋಡಿಯಂ ಆಸ್ಕಾರ್ಬೇಟ್‌ನಲ್ಲಿ ವಿಟಮಿನ್ ಸುಮಾರು 890, ಸೋಡಿಯಂ 110ರ ಸುತ್ತಮುತ್ತ. ಒಂದು ಮಾತ್ರೆಗೆ ಇದು ದೊಡ್ಡದಲ್ಲ. ಆದರೆ ಪುಡಿಯನ್ನು ಚಮಚದಲ್ಲಿ ಅಳೆದು ದಿನಕ್ಕೆ 4 ಗ್ರಾಂ ಕುಡಿಯುವವರು 440 ಮಿಲಿಗ್ರಾಂ ಸೋಡಿಯಂ ಸೇರಿಸಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ 2,000ದಲ್ಲಿ ಅದು ಐದನೇ ಒಂದಕ್ಕಿಂತ ಹೆಚ್ಚು. ರಕ್ತದೊತ್ತಡ, ಹೃದಯ ವೈಫಲ್ಯ, ಕಾಲು ಊತ ಇರುವವರು ಸೋಡಿಯಂ ಬಗೆಯನ್ನು ಬಿಡುವುದೇ ಸರಿ. ನೀರಿಗೆ ಹಾಕಿದರೆ ಬುಸುಗುಟ್ಟುವ ಮಾತ್ರೆಗಳ ಬಗ್ಗೆ ಇನ್ನೂ ಎಚ್ಚರ ಬೇಕು: ಆ ಗುಳ್ಳೆ ಬರುವುದು ಸೋಡಿಯಂ ಬೈಕಾರ್ಬೊನೇಟ್‌ನಿಂದ, ಕೆಲವು ಬಗೆಯಲ್ಲಿ ಒಂದೊಂದರಲ್ಲೂ 200 ಮಿಲಿಗ್ರಾಂ ಮೀರಿದ ಸೋಡಿಯಂ ಇರುತ್ತದೆ.

ಕ್ಯಾಲ್ಸಿಯಂ ಆಸ್ಕಾರ್ಬೇಟ್ ಬಹುಪಾಲು ಜನರಿಗೆ ಒಪ್ಪುವ ಆಯ್ಕೆ. 1,000 ಮಿಲಿಗ್ರಾಂನಲ್ಲಿ ಕ್ಯಾಲ್ಸಿಯಂ 90ರಿಂದ 110. ಎಸ್ಟರ್-ಸಿ ಎಂಬ ಹೆಸರಿನದ್ದೂ ಮೂಲತಃ ಇದೇ, ಜೊತೆಗೆ ಥ್ರಿಯೋನೇಟ್‌ನಂಥ ಉಪವಸ್ತುಗಳಿರುತ್ತವೆ. ಇಲ್ಲಿ ತಪ್ಪಾಗುವುದು ಔಷಧಿಯ ಸಮಯದಲ್ಲಿ. ಥೈರಾಯ್ಡ್‌ನ ಲೆವೊಥೈರಾಕ್ಸಿನ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಆಗಿದ್ದರೆ ಆ ಔಷಧಿಯನ್ನು 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಈ ಔಷಧಿಗಳನ್ನು ಕರುಳಿನಲ್ಲೇ ಹಿಡಿದುಕೊಂಡು ಒಳಗೆ ಬಿಡುವುದಿಲ್ಲ. ಪೊಟ್ಯಾಸಿಯಂ ಸೇರಿದ ಮಿಶ್ರಣವನ್ನು ಮೂತ್ರಪಿಂಡ ದುರ್ಬಲವಿರುವವರು, ಸ್ಪೈರೊನೊಲ್ಯಾಕ್ಟೋನ್ (ಮೂತ್ರ ಹೆಚ್ಚಿಸುವ ಔಷಧಿ) ಅಥವಾ ಎಸಿಇ ಇನ್ಹಿಬಿಟರ್ (ರಕ್ತದೊತ್ತಡದ ಒಂದು ಬಗೆಯ ಔಷಧಿ) ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಮೂತ್ರಪಿಂಡದ ಕಲ್ಲಿನ ಭಯಕ್ಕೆ ಬಫರ್ಡ್ ಉತ್ತರವಲ್ಲ. ವಿಟಮಿನ್ ಸಿಯ ಒಂದು ಪಾಲು ದೇಹದಲ್ಲಿ ಕಲ್ಲು ಕಟ್ಟುವ ಆಕ್ಸಲೇಟ್ ಆಗುತ್ತದೆ, ವಿಟಮಿನ್ ಯಾವ ಲವಣವಾಗಿ ಒಳಗೆ ಹೋಯಿತು ಎಂಬುದು ಮುಖ್ಯವಲ್ಲ. 2013ರಲ್ಲಿ ಪ್ರಕಟವಾದ ಸ್ವೀಡನ್ನಿನ ಗಂಡಸರ ಅಧ್ಯಯನದಲ್ಲಿ ಹೆಚ್ಚು ಪ್ರಮಾಣದ ವಿಟಮಿನ್ ಸಿ ತೆಗೆದುಕೊಳ್ಳುತ್ತಿದ್ದವರಲ್ಲಿ ಕಲ್ಲಿನ ಸಾಧ್ಯತೆ ಸುಮಾರು ಎರಡರಷ್ಟು ಕಂಡಿತು. ಹಿಂದೆ ಕಲ್ಲಾದವರು, ಡಯಾಲಿಸಿಸ್‌ನಲ್ಲಿರುವವರು, ದೇಹದಲ್ಲಿ ಕಬ್ಬಿಣ ಶೇಖರವಾಗುವ ಹೀಮೊಕ್ರೊಮಾಟೋಸಿಸ್ ಇರುವವರು, ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಕೊರತೆಯವರು ದೊಡ್ಡ ಪ್ರಮಾಣದಿಂದ ದೂರವಿರಬೇಕು. ಕೀಮೋಥೆರಪಿ ನಡೆಯುತ್ತಿದ್ದರೆ ಚಿಕಿತ್ಸೆ ಕೊಡುವವರ ಒಪ್ಪಿಗೆ ಮೊದಲು. ಹೆಚ್ಚು ಪ್ರಮಾಣದಲ್ಲಿದ್ದಾಗ ಕೆಲವು ಗ್ಲೂಕೋಸ್ ಮೀಟರುಗಳು ಸಕ್ಕರೆಯನ್ನು ತಪ್ಪಾಗಿ ತೋರಿಸುತ್ತವೆ. ಗ್ವಾಯಕ್ ವಿಧಾನದ ಮಲಪರೀಕ್ಷೆ ಇದ್ದ ರಕ್ತವನ್ನೂ ಇಲ್ಲ ಎನ್ನಬಹುದು. ಪರೀಕ್ಷೆಗೆ ಮುಂಚೆ ಮಾತ್ರೆಯ ವಿಷಯ ತಿಳಿಸಿಬಿಡಿ.

ನೆಗಡಿಗೆಂದು ಕೊಳ್ಳುವವರಿಗೆ ಒಂದು ಮಾತು. ದಿನವೂ ತೆಗೆದುಕೊಂಡರೆ ನೆಗಡಿಯ ಅವಧಿ ವಯಸ್ಕರಲ್ಲಿ ಸುಮಾರು 8 ಶೇಕಡ ಇಳಿಯುತ್ತದೆ. ನೆಗಡಿ ಬಂದ ಮೇಲೆ ಶುರು ಮಾಡಿದರೆ ಆ ಲಾಭ ಸ್ಥಿರವಾಗಿ ಕಂಡಿಲ್ಲ.

ಸಾದಾ ಪುಡಿ ಮನೆಯಲ್ಲಿದ್ದರೆ ಬಫರ್ಡ್ ಬೇರೆ ಕೊಳ್ಳಬೇಕಾಗಿಲ್ಲ. 500 ಮಿಲಿಗ್ರಾಂ ಆಸ್ಕಾರ್ಬಿಕ್ ಆಮ್ಲಕ್ಕೆ ಸುಮಾರು 240 ಮಿಲಿಗ್ರಾಂ ಅಡುಗೆ ಸೋಡಾ ಸಾಕು, ತೂಕದಲ್ಲಿ ಅರ್ಧಕ್ಕಿಂತ ತುಸು ಕಡಿಮೆ. ಬೇಕಿಂಗ್ ಪೌಡರ್ ಬೇಡ, ಅದರಲ್ಲಿ ಬೇರೆ ಆಮ್ಲವೂ ಪಿಷ್ಟವೂ ಇರುತ್ತವೆ. ಚಮಚದ ಅಳತೆ ಇಷ್ಟು ಸಣ್ಣ ಪ್ರಮಾಣಕ್ಕೆ ನಂಬಲಾಗದು, ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು. ದೊಡ್ಡ ಲೋಟದ ನೀರಿಗೆ ಎರಡನ್ನೂ ಹಾಕಿ, ಗುಳ್ಳೆ ಪೂರ್ತಿ ಅಡಗಿದ ಮೇಲೆ ಕುಡಿಯಿರಿ. ಇದರಲ್ಲಿ ಸುಮಾರು 65 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಲೆಕ್ಕಕ್ಕೆ ಹಿಡಿಯಿರಿ. ಬೆಳಿಗ್ಗೆ ಕಲಸಿ ಸಂಜೆಗೆ ಇಡಬೇಡಿ: ಹುಳಿ ಕಳೆದ ದ್ರಾವಣದಲ್ಲಿ ವಿಟಮಿನ್ ಸಿ ಗಾಳಿ ತಾಗಿ ಇನ್ನೂ ಬೇಗ ಕೆಡುತ್ತದೆ, ತಾಮ್ರದ ಪಾತ್ರೆಯಲ್ಲಂತೂ ಮತ್ತಷ್ಟು ಬೇಗ.

ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ, ಸ್ನಾನದ ಮನೆಯ ಕಪಾಟಿನಲ್ಲಿ ಇಡಬೇಡಿ. ಬಿಳಿ ಪುಡಿ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಶಕ್ತಿ ಕುಂದಿದೆ, ಎಸೆಯಿರಿ. ಕೊಳ್ಳುವ ಮುನ್ನ ಪಟ್ಟಿಯಲ್ಲಿ ಎರಡು ಅಂಕಿ ಹುಡುಕಿ: ವಿಟಮಿನ್ ಸಿ ಎಷ್ಟು, ಖನಿಜ ಎಷ್ಟು. ಆಸ್ಕಾರ್ಬೇಟ್‌ನ ಒಟ್ಟು ತೂಕವನ್ನಷ್ಟೇ ದೊಡ್ಡದಾಗಿ ಬರೆದು ಖನಿಜದ ಲೆಕ್ಕವನ್ನೇ ಕೊಡದ ಡಬ್ಬಿಯನ್ನು ಅಲ್ಲೇ ಬಿಟ್ಟುಬನ್ನಿ.