ಲಿಸ್ತ್, ರವೆಲ್, ಡೆಬುಸ್ಸಿ: ಯಾರ ನೀರು ಕೈಗೆ ಸಿಗುತ್ತದೆ?

ಪಿಯಾನೊದಲ್ಲಿ ನೀರನ್ನು ಕೇಳಿಸುವ ಕೃತಿಗಳು ಅಂದ ಕೂಡಲೇ ಮೂರು ಸಂಗೀತ ರಚನಕಾರರ ಹೆಸರು ಬರುತ್ತವೆ. ಲಿಸ್ತ್‌ನ 'ವಿಲ್ಲಾ ದೆಸ್ತೆಯ ಕಾರಂಜಿಗಳು' (1877), ರವೆಲ್‌ನ 'ಜೋ ದೋ' ಅಂದರೆ ನೀರಿನಾಟ (1901), ಡೆಬುಸ್ಸಿಯ 'ರೆಫ್ಲೆ ದಾಂ ಲೋ' ಅಂದರೆ ನೀರಿನಲ್ಲಿ ಬಿದ್ದ ಬಿಂಬಗಳು (1905). ಕೊನೆಯ ಎರಡನ್ನು ಎಲ್ಲರೂ ಒಂದೇ ಗೂಟಕ್ಕೆ ಕಟ್ಟುತ್ತಾರೆ, ಫ್ರೆಂಚ್, ಇಂಪ್ರೆಷನಿಸ್ಟ್ (ಗಟ್ಟಿ ಗೆರೆಗಿಂತ ಬಣ್ಣ, ಛಾಯೆಗಳನ್ನೇ ಹಿಡಿಯುವ ಶೈಲಿ), ಮುಗೀತು. ನಾನೂ ಹಾಗೇ ಅಂದುಕೊಂಡಿದ್ದೆ. ನುಡಿಸೋಕೆ ಕೂತ ಮೇಲೆ ಗೊತ್ತಾಯಿತು, ಎರಡಕ್ಕೂ ಸಂಬಂಧವೇ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಪಂಡಿತನಲ್ಲ. ಚಿಕ್ಕಂದಿನಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದೆ. ಮೂವತ್ತೈದು ದಾಟಿದ ಮೇಲೆ ಒಂದು ಡಿಜಿಟಲ್ ಪಿಯಾನೊ ಕೊಂಡೆ, ಪೂರ್ತಿ 88 ಕೀ ಇರುವಂಥದ್ದು. ನಾನು ಹೆಡ್‌ಫೋನ್ ಹಾಕಿಕೊಂಡು ನುಡಿಸುವಾಗ ಮನೆಯವರಿಗೆ ಕೇಳಿಸುವುದು ಬರೀ ಕೀಗಳ ಟಕಟಕ. ಹೀಗೇ ಆರು ವರ್ಷ ಆಯಿತು. ಈ ಮೂರಕ್ಕೂ ತಲಾ ಎರಡು ತಿಂಗಳು ಕೊಟ್ಟೆ, ಮೊದಲ ಪುಟಗಳಷ್ಟೇ, ಅದೂ ಅರ್ಧ ವೇಗದಲ್ಲಿ.

ಲಿಸ್ತ್‌ನದನ್ನು ಬೇಗ ಮುಗಿಸುತ್ತೇನೆ. ವಿಲ್ಲಾ ಇರುವುದು ರೋಮ್ ಪಕ್ಕದ ತಿವೊಲಿಯಲ್ಲಿ. 16ನೇ ಶತಮಾನದ ತೋಟ. ಅಲ್ಲಿನ ಕಾರಂಜಿಗಳನ್ನು ಪಂಪ್ ಇಲ್ಲದೆ, ಅನಿಯೆನೆ ನದಿಯ ನೀರು ಇಳಿಜಾರಿನ ಒತ್ತಡಕ್ಕೇ ಚಿಮ್ಮುವಂತೆ ಕಟ್ಟಿದ್ದಾರೆ. ಲಿಸ್ತ್ ಅಲ್ಲಿ ಅತಿಥಿಯಾಗಿ ಇರುತ್ತಿದ್ದ. 1865ರಲ್ಲೇ ಚರ್ಚಿನ ಕಿರಿಯ ದೀಕ್ಷೆ ಪಡೆದಿದ್ದವನು, ಕೃತಿಯ ನಡುವೆ ಯೋಹಾನನ ಸುವಾರ್ತೆಯ ಒಂದು ಸಾಲನ್ನು ಲ್ಯಾಟಿನ್‌ನಲ್ಲಿ ಬರೆದಿಟ್ಟಿದ್ದಾನೆ: ನಾನು ಕೊಡುವ ನೀರು ನಿತ್ಯಜೀವಕ್ಕೆ ಉಕ್ಕುವ ಬುಗ್ಗೆಯಾಗುತ್ತದೆ ಅಂತ. ಅಲ್ಲಿಗೆ ಕಾರಂಜಿ ನೀರು ತೀರ್ಥವಾಗಿಬಿಡುತ್ತದೆ. ಕೇಳುವಾಗ ಆ ಜಾಗದಲ್ಲಿ ನನಗೆ ಪ್ರತಿ ಸಲ ರೋಮಾಂಚನ. ಆದರೆ ನುಡಿಸೋಕೆ? ಎರಡನೇ ಪುಟ ದಾಟುವಷ್ಟರಲ್ಲಿ ಮುಂಗೈ ಕಲ್ಲಾಗುತ್ತಿತ್ತು. ಬೆರಳಿಗಿಂತ ಮೊದಲು ತೋಳು ಸೋಲುತ್ತದೆ.

ರವೆಲ್ ಹಾಗಲ್ಲ. 26ರ ಹುಡುಗ ಬರೆದಿದ್ದು, ಗುರು ಫೋರೆಗೆ ಅರ್ಪಿಸಿದ್ದು. ಲಿಸ್ತ್‌ನ ಫ್ರೆಂಚ್ ಶೀರ್ಷಿಕೆಯ ಮೊದಲ ಪದಗಳನ್ನೇ ಎತ್ತಿಕೊಂಡಿದ್ದಾನೆ, ಭಕ್ತಿಯನ್ನು ಮಾತ್ರ ಬಿಟ್ಟು. ಸ್ವರಲಿಪಿಯ ಮೇಲೆ ಸುವಾರ್ತೆಯ ಬದಲು ಒಂದು ಕವಿತೆಯ ಸಾಲು ಇದೆ, ನೀರು ಕಚಗುಳಿ ಇಟ್ಟಿದ್ದಕ್ಕೆ ನಗುವ ನದಿದೇವರ ಬಗ್ಗೆ. ಸಂಗೀತವೂ ಅದೇ ತರಹ. ಮೊದಲ ಬಾರ್‌ನಲ್ಲೇ, ಅಂದರೆ ನಮ್ಮ ಮೊದಲ ಆವರ್ತ ಇದ್ದ ಹಾಗೆ, ಸ, ಗ, ಪ, ನಿ ಒಟ್ಟಿಗೆ ಸುರಿಯುತ್ತವೆ, ಅಂತರ ಗಾಂಧಾರ, ಕಾಕಲಿ ನಿಷಾದ, ಅಂದರೆ ಗ, ನಿ ಎರಡೂ ಎತ್ತರದ ಬಗೆಯವು. ಆ ನಿಷಾದ ಮೇಲಿನ ಷಡ್ಜಕ್ಕೆ ಹೋಗಿ ಕೂರುತ್ತೆ ಅಂತ ನಮ್ಮ ಕಿವಿ ಕಾಯುತ್ತದೆ, ಕೂರಲ್ಲ. ಕೊನೆಯ ಸದ್ದಿನಲ್ಲೂ ಹಾಗೇ ನೇತಾಡುತ್ತಿರುತ್ತದೆ!

ನನಗೆ ತಮಾಷೆ ಅನ್ನಿಸಿದ್ದು ಇನ್ನೊಂದು. ಸದ್ದು ತಾರಕಕ್ಕೇರುವ ಒಂದು ಕಡೆ ಎಡಗೈ ಪಿಯಾನೊದ ಕಟ್ಟಕಡೆಯ ಕೀ ಒತ್ತಬೇಕು. ನಿಜಕ್ಕೂ ಅಲ್ಲಿ ಬೇಕಾದ ಸ್ವರ ಅದಕ್ಕಿಂತ ಅರ್ಧ ಮೆಟ್ಟಿಲು ಕೆಳಗಿನದು, ಆದರೆ ಪಿಯಾನೊ ಅಷ್ಟಕ್ಕೇ ಮುಗಿಯುತ್ತದೆ, ಅದಕ್ಕೆ ರವೆಲ್ ಕೈಗೆ ಸಿಕ್ಕ ಕೊನೆಯ ಕೀಯನ್ನೇ ಬರೆದುಬಿಟ್ಟ. ಅಷ್ಟು ಆಳದಲ್ಲಿ ಬರೀ ಗುಡುಗಿದ ಹಾಗೆ ಕೇಳುತ್ತದೆ, ಯಾರಿಗೂ ತಪ್ಪು ಅನ್ನಿಸಲ್ಲ. ಪಿಯಾನೊ ವಾದಕಿ ಮಾರ್ತಾ ಆರ್ಗೆರಿಚ್ ತಮ್ಮ ಮೊದಲ ರೆಕಾರ್ಡಿನಲ್ಲೇ ಇದನ್ನು ನುಡಿಸಿದ್ದಾರೆ, ಕೇಳಿ. ನೋಡೋಕೆ ಮಾಯ, ಕೂತರೆ ಪಕ್ಕಾ ಲೆಕ್ಕಾಚಾರ. ಪ್ರತಿ ಹನಿಗೂ ಒಂದು ಬೆರಳು ನಿಗದಿಯಾಗಿದೆ, ಒಂದು ಬೆರಳು ತಡ ಮಾಡಿದರೂ ಇಡೀ ಕಾರಂಜಿ ನಿಲ್ಲುತ್ತದೆ. ನನ್ನದು ದಿನಕ್ಕೆ ಹತ್ತು ಸಲ ನಿಲ್ಲುತ್ತಿತ್ತು.

ಡೆಬುಸ್ಸಿಯ ನೀರು ಹರಿಯುವುದೇ ಇಲ್ಲ. ಕೊಳದ ನೀರು ಅದು. ಶ್ರುತಿ ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಒಂದು, ಅಂದರೆ ಮೊದಲ ಕಪ್ಪು ಕೀಯೇ ಷಡ್ಜ. ಕೆಳಗೆ ಸ ಮತ್ತು ಪ ಒಟ್ಟಿಗೆ, ತಂಬೂರಿ ಮೀಟಿದ ಹಾಗೆ. ನಡುವೆ ಮೂರೇ ಸ್ವರ, ಪ ಗ ರಿ. ಮೇಲೆ ಬಲಗೈಯ ಸ್ವರಗುಚ್ಛಗಳು ಮೆಲ್ಲಗೆ ಏರಿ ಇಳಿಯುತ್ತವೆ, ಕಲ್ಲು ಬಿದ್ದ ಕೊಳದ ಉಂಗುರಗಳಂತೆ. ಹಾರ್ಮೋನಿಯಂ ಹಿಡಿದು ಬೆಳೆದ ನನಗೆ ಈ ಪುಟ ಎರಡೇ ದಿನಕ್ಕೆ ತಲೆಗೆ ಹತ್ತಿತು. ಕೈಗೆ ಬರೋಕೆ ಮೂರು ವಾರ.

ತೊಂದರೆ ಬಂದಿದ್ದು ಕಾಲಿಗೆ. ಕೆಳಗಿನ ಸ-ಪ ಒತ್ತಿ ಎಡಗೈ ಬೇರೆ ಕಡೆ ಓಡಬೇಕು, ಸದ್ದನ್ನು ಪೆಡಲ್ಲೇ ಹಿಡಿದಿಟ್ಟುಕೊಳ್ಳಬೇಕು, ಆದರೆ ಮೇಲಿನ ಗುಚ್ಛಗಳು ಕಲಸಿಹೋಗಬಾರದು. ಅದಕ್ಕೆ ಪೆಡಲ್ ಅರ್ಧ ಒತ್ತಬೇಕು. ನನ್ನ ಪಿಯಾನೊ ಜೊತೆ ಬಂದಿದ್ದು ಬರೀ ಸ್ವಿಚ್, ಒತ್ತಿದರೆ ಪೂರ್ತಿ, ಬಿಟ್ಟರೆ ಖಾಲಿ. ಕೊಳ ಒಂದೋ ರಾಡಿಯಾಗುತ್ತಿತ್ತು, ಇಲ್ಲ ಒಣಗುತ್ತಿತ್ತು. ಕೊನೆಗೆ ಅರ್ಧ ಒತ್ತುವುದೂ ಲೆಕ್ಕಕ್ಕೆ ಬರುವ ಪೆಡಲ್ ಬೇರೆ ತರಿಸಿದೆ. ಅವತ್ತಿನಿಂದ ಕಥೆಯೇ ಬೇರೆ. ಮೂರನ್ನೂ ಹೋಲಿಸುವವರು ಬೆರಳಿನ ಕಷ್ಟದ ಬಗ್ಗೆಯೇ ಮಾತಾಡುತ್ತಾರೆ, ಪೆಡಲ್ ಬಗ್ಗೆ ಯಾರೂ ಹೇಳಿರಲಿಲ್ಲ.

ಅಂದ ಹಾಗೆ, ರವೆಲ್, ಡೆಬುಸ್ಸಿ ಇಬ್ಬರಲ್ಲಿ ಯಾರು ಮೊದಲು ಅನ್ನೋ ಜಗಳ ಆಗಲೇ ಇತ್ತು. ಹೊಸ ಬಗೆಯ ಪಿಯಾನೊ ಬರವಣಿಗೆಯ ಶ್ರೇಯವನ್ನೆಲ್ಲ ಡೆಬುಸ್ಸಿಗೇ ಕೊಟ್ಟ ವಿಮರ್ಶಕ ಪಿಯೆರ್ ಲಾಲೊಗೆ ರವೆಲ್ 1906ರಲ್ಲಿ ಪತ್ರ ಬರೆದು, ನನ್ನ ನೀರಿನಾಟ ಮೊದಲೇ ಬಂದಿತ್ತು ಅಂತ ನೆನಪಿಸಿದ. ವರ್ಷ ನೋಡಿದರೆ ಅವನ ಮಾತು ಸರಿಯೇ.

ಕೇಳೋಕಾದರೆ ನನ್ನ ಮತ ರವೆಲ್‌ಗೆ. ಕಲಿಯೋಕೆ ಡೆಬುಸ್ಸಿ, ಅದೂ ಕರ್ನಾಟಕ ಸಂಗೀತದ ಕಿವಿ ಇದ್ದವರಿಗೆ ಕಣ್ಣು ಮುಚ್ಚಿ ಡೆಬುಸ್ಸಿ. ಅದೂ ಕಷ್ಟ ಅನ್ನಿಸಿದರೆ 1839ರಲ್ಲಿ ಪ್ರಕಟವಾದ ಶೋಪಾನ್‌ನ 15ನೇ ಪ್ರಿಲ್ಯೂಡ್ (ಪುಟ್ಟ ಪಿಯಾನೊ ಕೃತಿ) ಹಿಡಿಯಿರಿ. ಅದಕ್ಕಿರುವ ಮಳೆಹನಿ ಅನ್ನೋ ಹೆಸರು ಅವನು ಇಟ್ಟಿದ್ದಲ್ಲ, ಆದರೂ ಅದೇ ಕಪ್ಪು ಒಂದು, ತೊಟ್ಟಿಕ್ಕುತ್ತಲೇ ಇರುವ ಅದೇ ಪಂಚಮ. ಲಿಸ್ತ್‌ನ ಪುಸ್ತಕ ಕಪಾಟಿನಲ್ಲಿದೆ, ತೋಳು ಸ್ವಲ್ಪ ಗಟ್ಟಿಯಾಗಲಿ.